ಬುತ್ತಿಯ ಪಾಳಿ ಬರೆದವಳು

ವಿಜಯಪುರದ ಜಲನಗರದ ನಮ್ಮ ಓಣಿಯಲ್ಲಿ ಸಂಜೆ ವಾಕಿಂಗ್ ಹೋಗುವ ಹೆಂಗಸರ ಗುಂಪೊಂದಿದೆ. ಆರೇಳು ಜನ, ಎಲ್ಲರೂ ಸಂಬಳದ ಮನೆಯವರು, ಎಲ್ಲರ ಕಾಲಿಗೂ ಬಿಳಿ ಬೂಟು. ಕಳೆದ ತಿಂಗಳು ಪೇಪರಿನಲ್ಲಿ ಯಾವುದೋ ದೂರದ ಊರಿನ ಹಾಸ್ಟೆಲಿನ ಸುದ್ದಿ ಬಂದಿತ್ತು. ಅಲ್ಲಿನ ವಾರ್ಡನ್ ಹುಡುಗಿಯರಿಗೆ ಮಾಡಬಾರದ್ದನ್ನು ಮಾಡಿ ಸಿಕ್ಕಿಬಿದ್ದಿದ್ದ. ನಾವು ಎರಡು ಸುತ್ತು ಹಾಕುವಷ್ಟರಲ್ಲಿ ಅವನ ಮಾತು ಮುಗಿದೇ ಹೋಯಿತು. ಮೂರನೇ ಸುತ್ತಿಗೆ ಅಡುಗೆಯವಳ ಮಾತು ಶುರುವಾಯಿತು. ಅವಳು ಅಲ್ಲೇ ಇದ್ದಳಲ್ಲ, ಅವಳ ಕಣ್ಣಿಗೆ ಬಿದ್ದಿರಲೇಬೇಕಲ್ಲ, ಅವಳಿಗೇನು ಬಾಯಿ ಇರಲಿಲ್ಲವೇ ಎಂದು ಎಲ್ಲರೂ ಒಟ್ಟಿಗೆ ಕೇಳತೊಡಗಿದರು. ಮನೆಗೆ ಬರುವವರೆಗೂ ಆ ಅಡುಗೆಯವಳದೇ ಮಾತು.

"ಮೊದಲ ಆಕೀನ ಒಳಗ ಹಾಕಬೇಕ್ರಿ," ಅಂದರು ನಮ್ಮ ಎದುರು ಮನೆಯವರು.

ನನಗೆ ಅವರ ಮುಖಕ್ಕೆ ಹೊಡೆದ ಹಾಗೆ ಏನಾದರೂ ಹೇಳಬೇಕೆನಿಸಿತು. ಹೇಳಲಿಲ್ಲ, ಯಾಕೆಂದರೆ ಆ ಮಾತನ್ನು ನಾನು ಅವರಿಗಿಂತ ಚೆನ್ನಾಗಿ ಆಡಬಲ್ಲೆ. ಒಂದು ಕಾಲಕ್ಕೆ ಬಬಲೇಶ್ವರದ ಒಂದು ಅಂಗಡಿಯ ಮುಂದೆ ನಿಂತು, ಇಪ್ಪತ್ತು ಮೂವತ್ತು ಜನರ ನಡುವೆ, ಎಲ್ಲರಿಗಿಂತ ಮುಂದೆ ನಿಂತು ಆಡಿದ್ದೇನೆ.

ಆಗ ನಾವು ಬಬಲೇಶ್ವರದಲ್ಲಿದ್ದೆವು. ಯಜಮಾನರದು ಅಲ್ಲೇ ಸರಕಾರಿ ನೌಕರಿ. ನಮಗೆ ಮಕ್ಕಳಿಲ್ಲ. ಜೈನಾಪುರಕ್ಕೆ ಕೊಟ್ಟ ನನ್ನ ತಂಗಿಯ ಮಗಳು ಹತ್ತನೇ ತರಗತಿ ಓದಲು ನಮ್ಮ ಮನೆಗೆ ಬಂದು ಇದ್ದಳು. ಊರಿಂದ ದಿನಾ ಬಸ್ಸಿಗೆ ಓಡಾಡಿದರೆ ಓದು ಆಗುವುದಿಲ್ಲ, ನಿನ್ನ ಹತ್ತಿರ ಇದ್ದರೆ ಶಿಸ್ತು ಬರುತ್ತದೆ ಎಂದು ತಂಗಿ ಕೈಹಿಡಿದು ಹೇಳಿ ಬಿಟ್ಟು ಹೋಗಿದ್ದಳು. ಶಿಸ್ತಿಗೆ ನಾನು ಹೆಸರುವಾಸಿ. ಆ ಹೆಸರು ನನಗೆ ಬಹಳ ಹಿಡಿಸುತ್ತಿತ್ತು.

ಊರಿಗೆ ಹೊಸದಾಗಿ ಒಬ್ಬ ಟ್ಯೂಷನ್ ಸರ್ ಬಂದಿದ್ದ. ಗಣಿತ, ಇಂಗ್ಲಿಷ್ ಎರಡನ್ನೂ ಹೇಳಿಕೊಡುತ್ತಿದ್ದ. ನಲವತ್ತರ ಆಸುಪಾಸಿನ ಮನುಷ್ಯ. ಹೆಂಡತಿ ತವರಿನಲ್ಲಿದ್ದಾಳೆ ಎನ್ನುತ್ತಿದ್ದ. ಬಜಾರದ ಹಿಂದಿನ ಓಣಿಯಲ್ಲಿ ಒಂದು ಮಾಳಿಗೆ ಮನೆಯ ಮೇಲಿನ ಎರಡು ಖೋಲಿ ಬಾಡಿಗೆ ಹಿಡಿದಿದ್ದ. ಒಂದರಲ್ಲಿ ಪಾಠ, ಇನ್ನೊಂದರಲ್ಲಿ ವಾಸ. ಕೆಳಗೆ, ಮೆಟ್ಟಿಲ ಬುಡಕ್ಕೆ ಅಂಟಿಕೊಂಡಂತೆ ಒಂದು ಹೊಲಿಗೆ ಅಂಗಡಿ. ಅದರಲ್ಲಿ ತಿಕೋಟಾದ ಕಡೆಯ ಹೆಂಗಸೊಬ್ಬಳು ಒಂದೇ ಮಶಿನ್ ಇಟ್ಟುಕೊಂಡು ಊರವರ ಜಂಪರು ಹೊಲಿಯುತ್ತಿದ್ದಳು. ಗಂಡನನ್ನು ಬಿಟ್ಟು ಬಂದವಳು. ಹೊಲಿಗೆ ಸೊಗಸು, ಮಾತು ಕಡಿಮೆ.

ಸರ್‌ಗೆ ಅಡುಗೆ ಬರುವುದಿಲ್ಲ, ಖಾನಾವಳಿ ಊಟ ಅವನ ಹೊಟ್ಟೆಗೆ ಒಗ್ಗುವುದಿಲ್ಲ ಎಂದು ಗೊತ್ತಾದಾಗ ನಮ್ಮ ತಾಯಂದಿರ ಕರುಳು ಚುರ್ ಎಂದಿತು. ಮಕ್ಕಳಿಗೆ ವಿದ್ಯೆ ಹೇಳುವವನು ಉಪವಾಸ ಇರಬಾರದು. ಓದುವ ಹುಡುಗಿಯರ ಮನೆಗಳು ಹದಿನಾಲ್ಕು. ಹದಿನಾಲ್ಕು ದಿನಕ್ಕೊಮ್ಮೆ ಒಂದು ಮನೆಯ ಬುತ್ತಿ ಎಂದು ಪಾಳಿ ಮಾಡಿದೆವು. ಮಾಡಿದೆವು ಎಂದೆ, ಸುಳ್ಳು. ಮಾಡಿದವಳು ನಾನು. ಗೆರೆ ಎಳೆದು, ತಾರೀಖು ಹಾಕಿ, ಅಂದವಾಗಿ ಬರೆದು, ಫೋಟೊ ತೆಗೆದು ತಾಯಂದಿರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಎಲ್ಲರೂ ಕೈ ಮುಗಿಯುವ ಚಿತ್ರ ಕಳಿಸಿದ್ದರು.

ಪಾಠ ಐದು ಗಂಟೆಗೆ. ಪಾಳಿಯ ಹುಡುಗಿ ಅರ್ಧ ತಾಸು ಮೊದಲೇ ಹೋಗಬೇಕು. ಬುತ್ತಿ ಬಿಸಿ ಇರುವಾಗಲೇ ಸರ್ ಊಟ ಮಾಡಿ, ಡಬ್ಬಿಯನ್ನು ತಾನೇ ತೊಳೆದು ಅವಳ ಕೈಗೆ ಕೊಡುತ್ತಿದ್ದ. ನಮ್ಮ ಕಡೆ ಒಬ್ಬರ ಮನೆಯ ಡಬ್ಬಿಯನ್ನು ಖಾಲಿ ತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಅವನು ಅದನ್ನೂ ಬಲ್ಲವನು. ಡಬ್ಬಿಯಲ್ಲಿ ಎರಡು ಚಾಕಲೇಟು ಇಟ್ಟು ಕಳಿಸುತ್ತಿದ್ದ. ಎಂಥ ಸಂಸ್ಕಾರ ನೋಡ್ರಿ ಎಂದು ನಾವು ಹೆಂಗಸರು ಹೊಗಳಿದ್ದೇ ಹೊಗಳಿದ್ದು. ಆ ಅರ್ಧ ತಾಸು ಒಂದು ಹುಡುಗಿ ಒಬ್ಬಳೇ ಮೇಲೆ ಇರುತ್ತಾಳೆ ಎಂಬುದು ನಮ್ಮಲ್ಲಿ ಒಬ್ಬಳ ತಲೆಗೂ ಬರಲಿಲ್ಲ. ನಮ್ಮ ತಲೆಯಲ್ಲಿದ್ದದ್ದು ರೊಟ್ಟಿ ಮೆತ್ತಗೆ ಇವೆಯೋ ಇಲ್ಲವೋ ಎಂಬುದಷ್ಟೇ.

ನಮ್ಮ ಮನೆಯ ಮೊದಲ ಎರಡು ಪಾಳಿಗೆ ಡಬ್ಬಿಯಲ್ಲಿ ಚಾಕಲೇಟು ಬಂತು. ಹುಡುಗಿ ಅವನ್ನು ತಿನ್ನದೆ ಕಟ್ಟೆಯ ಮೇಲೆ ಇಟ್ಟಳು. ಇರುವೆ ಮುತ್ತಿದ್ದಕ್ಕೆ ಬೈದೆ. ಮೂರನೆಯ ಸಲ ಡಬ್ಬಿ ಖಾಲಿ ಬಂತು. ನಾಲ್ಕನೆಯ ಸಲವೂ ಖಾಲಿ. ನನಗೆ ಕಸಿವಿಸಿಯಾಯಿತು. ಸರ್‌ಗೆ ನನ್ನ ಅಡುಗೆ ಹಿಡಿಸಲಿಲ್ಲವೇನೋ, ಬೇರೆಯವರ ಮನೆಯ ಡಬ್ಬಿಗೆ ಚಾಕಲೇಟು ಹೋಗುತ್ತದೆ, ನನ್ನದಕ್ಕೆ ಮಾತ್ರ ಯಾಕಿಲ್ಲ ಎಂದು ಎರಡು ದಿನ ಅದೇ ಯೋಚನೆ. ಮುಂದಿನ ಪಾಳಿಗೆ ಶೇಂಗಾ ಹೋಳಿಗೆ ಮಾಡಬೇಕೆಂದುಕೊಂಡೆ. ಇದನ್ನು ಬರೆಯುವಾಗ ನನ್ನ ಕೈಯನ್ನೇ ಕಡಿದುಕೊಳ್ಳಬೇಕೆನಿಸುತ್ತದೆ.

ಆ ವಾರ ಜಂಪರಿನ ಅಳತೆ ಕೊಡಲು ಹೊಲಿಗೆಯವಳ ಅಂಗಡಿಗೆ ಹೋಗಿದ್ದೆ. ಅವಳು ಟೇಪು ಹಿಡಿದು ನನ್ನ ಹಿಂದೆ ನಿಂತಿದ್ದಳು. ಮುಖ ಕಾಣುತ್ತಿರಲಿಲ್ಲ. ಬಹುಶಃ ಅದಕ್ಕೇ ಅವಳಿಗೆ ಧೈರ್ಯ ಬಂದಿರಬೇಕು.

"ಅಕ್ಕಾರ, ಒಂದ ಮಾತ ಹೇಳ್ತೀನ್ರಿ, ಸಿಟ್ಟ ಮಾಡ್ಕೋಬ್ಯಾಡ್ರಿ," ಅಂದಳು. "ನಿಮ್ಮ ಹುಡುಗಿ ಬುತ್ತಿ ಮ್ಯಾಲ ಒಯ್ಯೂದಿಲ್ಲ. ಆಕಳಿಗಿ ಹಾಕಿ ಇಲ್ಲೇ ನನ್ನ ಬಾಜೂಕ ಕುಂದರ್ತಾಳ. ಆಕೀಗಿ ಮ್ಯಾಲ ಹೋಗು ಮನಸಿಲ್ರಿ. ಕಳಸಬ್ಯಾಡ್ರಿ."

ನಾನು ಕೇಳಿಸಿಕೊಂಡದ್ದು ಒಂದೇ ಒಂದು. ಬುತ್ತಿಯನ್ನು ಆಕಳಿಗೆ ಹಾಕಿದಳು. ಮಧ್ಯಾಹ್ನದ ನಿದ್ದೆ ಬಿಟ್ಟು ಬಡಿದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಕೆನೆ ಮೊಸರು, ಎಲ್ಲ ಆಕಳಿಗೆ. ಬುತ್ತಿ ಬರಲಿಲ್ಲವೆಂದು ಸರ್ ಒಮ್ಮೆಯೂ ಯಾಕೆ ಕೇಳಲಿಲ್ಲ ಎಂಬುದು ಹೊಳೆಯಲೇ ಇಲ್ಲ. ಉಳಿದ ಮಾತು ನನ್ನ ಕಿವಿಯ ಪಕ್ಕದಿಂದ ಹಾದು ಹೋಯಿತು. ಹಾದು ಹೋಯಿತು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ, ಕಳಿಸಬೇಡಿ ಎಂದದ್ದು ಕೇಳಿಸಿತ್ತು. ಗಂಡನನ್ನು ಬಿಟ್ಟು ಬಂದ ಹೆಂಗಸು ನನಗೆ ಬುದ್ಧಿ ಹೇಳಲು ಬಂದಳಲ್ಲ ಎಂದು ಸಿಟ್ಟು ಬಂತು. ಅಳತೆ ಸರಿಯಾಗಿ ತಗೋ ಎಂದಷ್ಟೇ ಹೇಳಿದೆ.

ಮನೆಗೆ ಬಂದು ಹುಡುಗಿಯನ್ನು ಬೈದೆ. ಅನ್ನ ಚೆಲ್ಲಿದವರಿಗೆ ಏನಾಗುತ್ತದೆ ಎಂದೆಲ್ಲ ಹೇಳಿದೆ. ಅವಳು ನೆಲ ನೋಡುತ್ತ ನಿಂತಳು. ಯಾಕೆ ಹೀಗೆ ಮಾಡಿದೆ ಎಂದು ಮಾತ್ರ ಕೇಳಲಿಲ್ಲ. ಮುಂದಿನ ಪಾಳಿಯ ದಿನ ಶೇಂಗಾ ಹೋಳಿಗೆ ಮಾಡಿ ಡಬ್ಬಿಗೆ ತುಂಬಿ, ಅವಳ ರಟ್ಟೆ ಹಿಡಿದು ನಾನೇ ಆ ಮೆಟ್ಟಿಲವರೆಗೆ ಕರೆದುಕೊಂಡು ಹೋದೆ. ಅವಳು ಮೊದಲ ಮೆಟ್ಟಿಲ ಮೇಲೆ ನಿಂತು ಒಮ್ಮೆ ಹಿಂದೆ ತಿರುಗಿ ನೋಡಿದಳು. ನಾನು ಕಣ್ಣು ಕೆಕ್ಕರಿಸಿದೆ. ಹತ್ತಿ ಹೋದಳು. ಮೇಲೆ ಬಾಗಿಲು ತೆಗೆದ ಸಪ್ಪಳ ಕೇಳುವವರೆಗೂ ನಾನು ಕೆಳಗೆ ಕಾವಲು ನಿಂತಿದ್ದೆ. ಪಕ್ಕದಲ್ಲಿ ಮಶಿನ್ನಿನ ಸದ್ದು ನಿಂತಿತ್ತು. ಹೊಲಿಗೆಯವಳು ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಕಡೆ ಗೆದ್ದವಳ ಹಾಗೆ ನೋಡಿ ಮನೆಗೆ ಬಂದೆ. ಆ ದಿನ ಡಬ್ಬಿಯಲ್ಲಿ ನಾಲ್ಕು ಚಾಕಲೇಟು ಇದ್ದವು.

ಅದರ ಮುಂದಿನ ಪಾಳಿಗೆ ಹುಡುಗಿ ಡಬ್ಬಿಯನ್ನೇ ತರಲಿಲ್ಲ. ಕಳೆದು ಹೋಯಿತು ಅಂದಳು. ನನ್ನ ಮದುವೆಯಲ್ಲಿ ತವರಿನವರು ಕೊಟ್ಟ ಮೂರು ಅಂಕಣದ ಸ್ಟೀಲ್ ಡಬ್ಬಿ. ಅವತ್ತು ಕೈ ಮಾಡಿದೆ. ಒಂದೇ ಏಟು, ಕೆನ್ನೆಗೆ. ಅವಳು ಅಳಲಿಲ್ಲ.

ಮುಂದಿನ ಪಾಳಿ ಬರುವ ಮೊದಲೇ ಎಲ್ಲ ಬಯಲಿಗೆ ಬಂತು. ಬೇರೊಂದು ಮನೆಯ ಹುಡುಗಿ ತನ್ನ ತಾಯಿಯ ಮುಂದೆ ಬಾಯಿ ಬಿಟ್ಟಿದ್ದಳು. ಆ ತಾಯಿ ನನ್ನಂಥವಳಲ್ಲ. ಕೇಳಿದವಳೇ ನಿಂತ ಕಾಲಲ್ಲೇ ಪೊಲೀಸ್ ಠಾಣೆಗೆ ಹೋದಳು. ಸಂಜೆಗೆ ಮೊದಲು ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಕೇಸು ಇನ್ನೂ ನಡೆದಿದೆ.

ಮರುದಿನ ಅವನ ಖೋಲಿಗೆ ಬೀಗ. ಊರು ಕುದಿಯುತ್ತಿತ್ತು. ಆದರೆ ಕುದಿಯನ್ನು ಯಾರ ಮೇಲೆ ಸುರಿಯಬೇಕು? ಅವನು ಪೊಲೀಸರ ವಶದಲ್ಲಿ, ನಮ್ಮ ಕೈಗೆ ಸಿಗುವುದಿಲ್ಲ. ಖೋಲಿ ಬಾಡಿಗೆಗೆ ಕೊಟ್ಟ ಮಾಲೀಕ ದೊಡ್ಡ ಮನುಷ್ಯ, ಅವನ ಮುಂದೆ ನಮ್ಮ ಗಂಡಸರು ತಲೆ ಎತ್ತುವುದಿಲ್ಲ. ಉಳಿದವರು ಹದಿನಾಲ್ಕು ಮನೆಯ ತಾಯಂದಿರು, ಅಂದರೆ ನಾವೇ. ಕೈಗೆ ಎಟುಕುವ ಹಾಗೆ, ಬಾಗಿಲು ತೆರೆದುಕೊಂಡು, ಮೆಟ್ಟಿಲ ಬುಡದಲ್ಲಿ ಒಬ್ಬಳು ಕೂತಿದ್ದಳು.

ಯಾರು ಕರೆದರೋ, ಹೇಗೆ ಸೇರಿದೆವೋ, ನಾಲ್ಕು ಗಂಟೆಗೆ ಅವಳ ಅಂಗಡಿಯ ಮುಂದೆ ಜನ ಜಮಾಯಿಸಿತ್ತು. ದಿನಾ ನೋಡುತ್ತಿದ್ದವಳು ಇವಳೇ ಎಂದು ಒಬ್ಬರು. ಅವನ ಅಂಗಿಗೆ ಗುಂಡಿ ಹಚ್ಚಿಕೊಡುತ್ತಿದ್ದಳು, ಇವಳಿಗೂ ಅವನಿಗೂ ಏನೋ ಇರಬೇಕು ಎಂದು ಇನ್ನೊಬ್ಬರು. ಗಂಡ ಸುಮ್ಮನೆ ಬಿಟ್ಟಿರುತ್ತಾನೆಯೇ ಎಂದು ಮತ್ತೊಬ್ಬರು. ಹಿಂದಿನ ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದವರಿಗೆಲ್ಲ ಅವತ್ತು ಮಾತು ಬಂದಿತ್ತು. ಅಷ್ಟು ಹೊತ್ತು, ಅಷ್ಟು ಮಾತು, ಅದರಲ್ಲಿ ಪಾಳಿ ಎಂಬ ಶಬ್ದವನ್ನು ಒಬ್ಬರೂ ಎತ್ತಲಿಲ್ಲ. ಬೆಳಿಗ್ಗೆಯೇ ನಾನು ವಾಟ್ಸಾಪ್ ಗುಂಪನ್ನು ಮುಚ್ಚಿದ್ದೆ. ಯಾಕೆ ಮುಚ್ಚಿದೆ ಎಂದೂ ಯಾರೂ ಕೇಳಲಿಲ್ಲ.

ಈಗ ಯೋಚಿಸಿದರೆ ಅದರ ಲೆಕ್ಕಾಚಾರ ಬಹಳ ಸರಳ. ನಮಗೆ ಗೊತ್ತೇ ಇರಲಿಲ್ಲ ಎಂದು ಹೇಳಿಕೊಳ್ಳಬೇಕಾದರೆ, ಗೊತ್ತಿದ್ದವರು ಒಬ್ಬರು ಬೇಕು. ಗೊತ್ತಿದ್ದವಳು ಹೇಳಲಿಲ್ಲ, ಅದಕ್ಕೇ ನಮಗೆ ತಿಳಿಯಲಿಲ್ಲ. ಹಾಗಾದರೆ ತಪ್ಪು ಅವಳದು, ನಾವು ಪಾಪದವರು. ಅವನು ಮಾಡಿದ್ದನ್ನು ನಾವು ಮಾಡಿರಲಿಲ್ಲ, ಆದ್ದರಿಂದ ಅವನನ್ನು ಬೈದರೆ ನಮಗೇನೂ ಹಗುರವಾಗುತ್ತಿರಲಿಲ್ಲ. ಅವಳು ಮಾಡಿದ್ದನ್ನೇ ನಾವೂ ಮಾಡಿದ್ದೆವು, ಅದಕ್ಕಿಂತ ಹೆಚ್ಚೇ ಮಾಡಿದ್ದೆವು. ಅವಳನ್ನು ಬೈದಷ್ಟೂ ನಮ್ಮದು ಇಳಿಯುತ್ತ ಹೋಯಿತು. ಅವತ್ತು ನನಗಂತೂ ಬಹಳ ಸುಖವೆನಿಸಿತು. ಈ ಮಾತನ್ನು ಓದಿ ಯಾರಿಗಾದರೂ ಅಸಹ್ಯವಾದರೆ ಆಗಲಿ.

ಎಲ್ಲರನ್ನೂ ದಾಟಿಕೊಂಡು ನಾನು ಮುಂದೆ ಬಂದೆ. ನನ್ನ ಹಿಂದೆ, ನನ್ನ ಸೆರಗಿನ ಅಂಚಿಗೆ ಹತ್ತಿಕೊಂಡಂತೆ ಹುಡುಗಿಯೂ ನಿಂತಿದ್ದಳು.

"ದಿನಾ ನೋಡ್ತಿದ್ದಿ. ಬಾಯಿ ಯಾಕ ತೆಗೀಲಿಲ್ಲ?" ಅಂದೆ.

ಅವಳು ಮಶಿನ್ನಿನ ಮೇಲಿಂದ ಕೈ ತೆಗೆದಳು. "ಹೇಳೀನಿ," ಅಂದಳು.

ಯಾರಿಗೆ ಹೇಳಿದೆ ಎಂದು ಹಿಂದಿನಿಂದ ಯಾರೋ ಕೇಳಿದರು. ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಹಿಂದೆ ನಿಂತಿದ್ದ ಹುಡುಗಿಯನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ ದಾರ ಪೋಣಿಸತೊಡಗಿದಳು. ಎರಡನೇ ಸಲ ಕೇಳಿದರು, ಮೂರನೇ ಸಲ ಕೇಳಿದರು. ಅವಳು ದಾರ ಪೋಣಿಸುತ್ತಲೇ ಇದ್ದಳು. ಸುಳ್ಳಿ ಎಂದು ನಾನೇ ಮೊದಲು ಅಂದೆ. ಉಳಿದವರು ನನ್ನ ಹಿಂದೆ ಅಂದರು.

ಹೆಂಗಸರು ಒಬ್ಬೊಬ್ಬರಾಗಿ ಒಳಗೆ ನುಗ್ಗಿ ತಮ್ಮ ತಮ್ಮ ಬಟ್ಟೆ ಎತ್ತಿಕೊಂಡರು. ಹೊಲಿದದ್ದು, ಹೊಲಿಯದ್ದು, ಅರ್ಧ ಕತ್ತರಿಸಿದ್ದು. ಇನ್ನೂ ತೋಳು ಹಚ್ಚದ ನನ್ನ ಜಂಪರನ್ನು ನಾನೂ ತಂದೆ. ವಾರದೊಳಗೆ ಮಾಲೀಕ ಅಂಗಡಿ ಬಿಡಿಸಿದ. ಮಶಿನ್ನನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಅವಳು ತಿಕೋಟಾದ ಹಾದಿ ಹಿಡಿದಳು ಎಂದು ಕೇಳಿದೆ. ಊರಿಗೆ ನ್ಯಾಯ ಸಿಕ್ಕ ಹಾಗೆ ಆಯಿತು. ಜನ ತಮ್ಮ ತಮ್ಮ ಕೆಲಸಕ್ಕೆ ಹತ್ತಿದರು.

ಹುಡುಗಿ ಪರೀಕ್ಷೆ ಬರೆದು ಜೈನಾಪುರಕ್ಕೆ ಹೋದವಳು ಮತ್ತೆ ನಮ್ಮ ಮನೆಗೆ ಬರಲಿಲ್ಲ. ನಾವು ವಿಜಯಪುರಕ್ಕೆ ವರ್ಗ ಮಾಡಿಸಿಕೊಂಡೆವು. ಈಗ ಅವಳೂ ಇಲ್ಲೇ ಕಾಲೇಜಿನಲ್ಲಿದ್ದಾಳೆ. ಹಾಸ್ಟೆಲಿನಲ್ಲಿ ಇರುತ್ತಾಳೆ. ನಮ್ಮ ಮನೆ ಆಟೋದಲ್ಲಿ ಹತ್ತು ನಿಮಿಷದ ದಾರಿ. ಮಾಡಿ ಬಡಿಸಬೇಕೆಂದು ಎಷ್ಟು ಸಲ ಕರೆದಿದ್ದೇನೋ. ಊಟ ಆಗಿದೆ ಎನ್ನುತ್ತಾಳೆ. ಅವಳ ಮೊದಲ ಎರಡು ಪಾಳಿಯಲ್ಲಿ ಏನಾಯಿತು, ನಾನು ಕಾವಲು ನಿಂತ ಆ ಐದನೆಯದರಲ್ಲಿ ಏನಾಯಿತು, ನನಗೆ ಹೇಳಿಲ್ಲ. ಹೇಳಬೇಕಾದಲ್ಲಿ, ನ್ಯಾಯಾಧೀಶರ ಮುಂದೆ, ಹೇಳಿದ್ದಾಳೆ. ಕೇಳುವ ಹಕ್ಕು ನನಗಿಲ್ಲ.

ಆ ವಾಕಿಂಗಿನ ಸಂಜೆ, ಎದುರು ಮನೆಯವರ ಮಾತು ಕೇಳಿ ಬಂದ ಮೇಲೆ, ನಾನು ಅವಳ ಹಾಸ್ಟೆಲಿಗೆ ಹೋದೆ. ಗೇಟಿನ ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತೆವು. ಒಂದು ಸಲವಾದರೂ ಮನೆಗೆ ಬಾ ಎಂದು ಬೇಡಿಕೊಂಡೆ. ಅವಳು ತೊಟ್ಟ ಚೂಡಿದಾರದ ಹೊಲಿಗೆ ನನಗೆ ಗುರುತು ಹತ್ತಿತು. ಕೊರಳಿನ ಪಟ್ಟಿಯ ಆ ಸಣ್ಣ ಹೊಲಿಗೆಯನ್ನು ಆ ಸೀಮೆಯಲ್ಲಿ ಒಬ್ಬಳೇ ಹಾಕುತ್ತಿದ್ದಳು. ತಿಂಗಳಿಗೊಮ್ಮೆ ತಿಕೋಟಾಕ್ಕೆ ಹೋಗುತ್ತೇನೆ ಎಂದು ಹುಡುಗಿಯೇ ಹೇಳಿದಳು. ನನಗೆ ಆದದ್ದು ಹೊಟ್ಟೆಕಿಚ್ಚು, ಇನ್ನೇನಲ್ಲ.

"ದೊಡ್ಡವ್ವ, ನೀ ತಪ್ಪ ಒಪ್ಕೊಂಡ ಬಾ," ಅಂದಳು. "ಆಮ್ಯಾಲ ನಿನ್ನ ಮನಿಗಿ ಬರೂದು ನೋಡೋಣು."

ಮರುದಿನವೇ ತಿಕೋಟಾಕ್ಕೆ ಹೋದೆ. ಹುಡುಗಿ ನನ್ನ ಮನೆಯ ಹೊಸ್ತಿಲು ದಾಟಿದರೆ ಸಾಕು, ಇನ್ನೇನೂ ಬೇಡ ಎಂದುಕೊಂಡು ಬಸ್ಸಿನಲ್ಲಿ ಕೂತಿದ್ದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ತಿದ್ದಿಕೊಂಡೆ. ಮಾರ್ಕೆಟ್ಟಿನ ಹಿಂದೆ ತಗಡಿನ ಒಂದು ಖೋಲಿಯಲ್ಲಿ ಅದೇ ಮಶಿನ್ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿ ಏಳಲಿಲ್ಲ, ಕೂತುಕೋ ಎನ್ನಲೂ ಇಲ್ಲ. ಮಶಿನ್ ನಿಲ್ಲಿಸಿದಳು, ಅಷ್ಟೇ. ನಿಂತೇ ಹೇಳಿದೆ. ನೀನು ಹೇಳಿದ್ದೆ, ನಾನೇ ಕೇಳಲಿಲ್ಲ, ಜನರ ಮುಂದೆ ನಿನ್ನನ್ನು ಸುಳ್ಳಿ ಮಾಡಿದೆ, ತಪ್ಪಾಯಿತು ಎಂದೆ. ಕಣ್ಣಲ್ಲಿ ನೀರೂ ಬಂತು.

"ಇಲ್ಲಿ ಯಾರದಾರ್ರಿ ಅಕ್ಕಾರ?" ಅಂದಳು. "ನೀವು, ನಾ, ಈ ಮಶಿನ್. ಅವತ್ತ ಓಣಿ ಮಂದಿ ಎಲ್ಲಾ ಇದ್ರು."

ಅವತ್ತು ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ಮೇಲೆ ಎಲ್ಲೋ ಒಂದಿಷ್ಟು ಕರುಣೆ ಇದ್ದಿರಬೇಕು ಎಂಬ ಆಸೆ.

"ನಿಮ್ಮ ಹೆಸರ ಹೇಳಿದ್ರ ಯಾವ ಹುಡುಗಿ ಅಂತ ಊರಿಗೆಲ್ಲಾ ಗೊತ್ತಾಗತಿತ್ತು," ಅಂದಳು. ಸ್ವಲ್ಪ ಹೊತ್ತು ಬಟ್ಟೆಯ ಅಂಚನ್ನು ಉಗುರಿನಿಂದ ತೀಡಿದಳು. "ಮತ್ತ ನಾ ಏನ ದೊಡ್ಡಾಕಿ ಅಲ್ರಿ. ನಿಮ್ಮ ಹುಡುಗಿ ಒಬ್ಬಾಕೀನ ಕುಂದ್ರಿಸ್ಕೊಂಡ್ನಿ. ಉಳಿದ ಹುಡುಗ್ಯಾರು ಹತ್ತೂದು ನೋಡ್ಕೋತ ಮಶಿನ್ ತುಳೀತಿದ್ನಿ. ಅದನ್ನ ಬೈರಿ, ಬೈಸ್ಕೋತೀನಿ. ಆದ್ರ ನೀವು ಬೈಬ್ಯಾಡ್ರಿ."

ಎದ್ದು ಒಳಗೆ ಹೋದಳು. ಪಾತ್ರೆ ಸರಿಸುವ ಸಪ್ಪಳ ಕೇಳಿತು. ಬರುವಾಗ ಕೈಯಲ್ಲಿ ನನ್ನ ಸ್ಟೀಲ್ ಡಬ್ಬಿ ಇತ್ತು, ಮೂರು ಅಂಕಣದ್ದು, ಮುಚ್ಚಳದ ಮೇಲೆ ನನ್ನ ತವರಿನವರು ಕೊರೆಸಿದ ಹೆಸರು. ಡಬ್ಬಿಯೇ ಇಲ್ಲದಿದ್ದರೆ ನಾನು ಹುಡುಗಿಯನ್ನು ಕಳಿಸುವುದಿಲ್ಲ ಎಂದು ಆ ಕೊನೆಯ ಪಾಳಿಯ ದಿನ ತಾನೇ ಅದನ್ನು ಇಸಿದುಕೊಂಡಿದ್ದಳಂತೆ. ಕಳೆಯಿತು ಎಂದು ಹೇಳು ಎಂದು ಹುಡುಗಿಗೆ ಹೇಳಿಕೊಟ್ಟವಳೂ ಅವಳೇ. ನಾನು ಆ ಮಗುವಿನ ಕೆನ್ನೆಗೆ ಹೊಡೆದದ್ದು ಇದಕ್ಕೆ. ಅವಳು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಮತ್ತೆ ಮಶಿನ್ನಿಗೆ ಕೂತಳು.

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಮುಚ್ಚಳ ತೆಗೆದೆ. ಮೂರು ಅಂಕಣವನ್ನೂ ಬಿಚ್ಚಿ ನೋಡಿದೆ. ತಿಕ್ಕಿ ತಿಕ್ಕಿ ಬೆಳಗಿದ್ದಳು. ಒಂದು ಹರಳು ಸಕ್ಕರೆ ಇರಲಿಲ್ಲ.

ಹುಡುಗಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ, ತಪ್ಪು ಒಪ್ಪಿಕೊಂಡೆ, ಭಾನುವಾರ ಊಟಕ್ಕೆ ಬಾ ಎಂದೆ.

"ಯಾರ ಮುಂದ ಹೇಳ್ದಿ?" ಅಂದಳು.

ಆಕೆಯ ಮುಂದೆ ಎಂದೆ. ಇನ್ಯಾರಾದರೂ ಇದ್ದರೇ ಎಂದು ಕೇಳಿದಳು. ಇಲ್ಲ ಎಂದೆ. ಅವಳು ಫೋನ್ ಇಟ್ಟಳು.

ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಅಕ್ಕಪಕ್ಕ ನಿಂತಿದ್ದವು. ಒಂದು ಬಬಲೇಶ್ವರದ್ದು. ಆ ಓಣಿಯ ಜನ ಇನ್ನೂ ಅಲ್ಲೇ ಇದ್ದಾರೆ, ಹದಿನಾಲ್ಕು ಮನೆಯ ತಾಯಂದಿರೂ ಇದ್ದಾರೆ, ಬಾಗಿಲು ಬಡಿದರೆ ನನಗೆ ಚಹಾ ಕೊಟ್ಟು ಕೂರಿಸುತ್ತಾರೆ. ಹುಡುಗಿಯ ಸುದ್ದಿ ತೆಗೆಯದೆ ನನ್ನದಷ್ಟನ್ನೇ ಹೇಳಲು ದಾರಿ ಇತ್ತು. ಪಾಳಿ ಬರೆದವಳು ನಾನು, ಹುಡುಗಿಯರನ್ನು ಕಳಿಸಬೇಡಿ ಎಂದು ಹೊಲಿಗೆಯವಳು ಹೇಳಿದ್ದು ನನಗೇ, ಎಂದರೆ ಮುಗಿಯಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಬಬಲೇಶ್ವರ, ಬಬಲೇಶ್ವರ ಎಂದು ಕೂಗುತ್ತಿದ್ದ. ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಾನು ವಿಜಯಪುರದ ಬಸ್ಸು ಹತ್ತಿದೆ.